ಕೆಂಪು ಬೊಟ್ಟಿನ ತಿರುಪು

ಈ ಸಭೆಯ ಅಧ್ಯಕ್ಷರಾದ ಶ್ರೀ ವೆಂಕಟರಮಣಪ್ಪನವರೇ, ಕಾರೆಗಟ್ಟ ಪಂಚಾಯಿತಿಯ ಛೇರ್ಮನ್ನರಾದ ಶ್ರೀ ಮುನಿಸ್ವಾಮಿಯವರೇ, ದೇವನಹಳ್ಳಿಯ ರೇಡಿಯೋ ಕೆಲಸಗಾರರ ಸಂಘದ ಗೆಳೆಯರೇ, ನೆಲಮಂಗಲದಿಂದ ಎರಡು ಬಸ್ಸು ಬದಲಾಯಿಸಿ ಬಂದಿರುವ ನನ್ನ ಹಳೆಯ ಸಹಾಯಕ ಜವರಪ್ಪನವರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿರುವ ನನ್ನ ಶ್ರೀಮತಿಯವರೇ, ಸಭಿಕರೇ,

ನನ್ನ ಜೇಬಿನಲ್ಲಿ ಎಂಟು ಹಾಳೆಯ ಭಾಷಣವಿದೆ. 'ರೇಡಿಯೋ ದುರಸ್ತಿಯಲ್ಲಿ ತಿರುಪು ಮತ್ತು ತಿರುಪುಳಿಗಳ ಆಯ್ಕೆ' ಎಂದು ಅದರ ಹೆಸರು. ನಿವೃತ್ತನಾಗುವ ದಿನ ಹೊಸ ಕೆಲಸಗಾರರಿಗೆ ನಾಲ್ಕು ಮಾತು ಹೇಳಿ ಎಂದು ಸಂಘದವರು ಕೇಳಿದ್ದರು. ಒಂದು ವಾರ ಕುಳಿತು ಬರೆದೆ. ಈಗ ಅದನ್ನು ಓದಲು ನನ್ನಿಂದ ಆಗುತ್ತಿಲ್ಲ. ವಯಸ್ಸಿನಿಂದ ಎಂದು ತಿಳಿಯಬೇಡಿ. ಐವತ್ತೈದು ಕಣ್ಣು ಮಂಜಾಗುವ ವಯಸ್ಸಲ್ಲ.

ಅರ್ಧ ಗಂಟೆಯ ಹಿಂದೆ, ಈ ಮೇಜಿನ ಮೇಲೆ ನಾನೊಂದು ತಿರುಪು ನೋಡಿದೆ. ನೀವು ಸ್ಕ್ರೂ ಎನ್ನುತ್ತೀರಿ. ಮುಕ್ಕಾಲು ಅಂಗುಲದ ಒಂದು ಸ್ಕ್ರೂ. ಅದನ್ನು ನೋಡಿದ ಮೇಲೆ ನನಗೆ ಗೊತ್ತಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಹಿಂಜರಿಯಬಾರದು. ಕಾರೆಗಟ್ಟದ ಸಪ್ಪಲಮ್ಮ ಎಂಟು ವರ್ಷದ ಹಿಂದೆ ಹೇಳಿದ್ದು ನಿಜ. ನಾನು ಬರೆದದ್ದು ಸುಳ್ಳು.

ಗೊಣಗಬೇಡಿ, ದಯವಿಟ್ಟು. ಮುನಿಸ್ವಾಮಿಯವರೇ, ಕುಳಿತುಕೊಳ್ಳಿ. ಇದು ಎಲ್ಲರಿಗೂ ಅರ್ಥವಾಗಬೇಕಾದರೆ ನಾನು ಆ ಎಂಟು ಹಾಳೆಗಳಲ್ಲಿ ಮೂರನ್ನಾದರೂ ಹೇಳಲೇಬೇಕು.

ಮೊದಲ ಹಾಳೆ ತಿರುಪುಳಿಯದು, ಅಂದರೆ ಸ್ಕ್ರೂಡ್ರೈವರಿನದು. ತಿರುಪಿನ ತಲೆಯಲ್ಲಿ ಒಂದು ಗೀರಿರುತ್ತದೆ. ತಿರುಪುಳಿಯ ಬಾಯಿ ಆ ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು. ಅಗಲ ಹೆಚ್ಚಾದರೆ ಪೆಟ್ಟಿಗೆಯನ್ನು ಗೀಚುತ್ತದೆ. ಕಡಿಮೆಯಾದರೆ ಗೀರಿನ ಅಂಚು ಮುರಿದು ತಲೆ ಬೋಳಾಗುತ್ತದೆ. ತಲೆ ಬೋಳಾದ ತಿರುಪನ್ನು ಬಿಚ್ಚುವುದಕ್ಕಿಂತ ಮುನಿಸಿಕೊಂಡ ಮಾವನನ್ನು ಊಟಕ್ಕೆ ಎಬ್ಬಿಸುವುದು ಸುಲಭ. ನಮ್ಮ ಹಳ್ಳಿಗಳಲ್ಲಿ ರೇಡಿಯೋದ ತಿರುಪನ್ನು ಯಾವುದರಿಂದ ಬಿಗಿ ಮಾಡುತ್ತಿದ್ದರು ಗೊತ್ತೇ? ನಾಲ್ಕಾಣೆ ನಾಣ್ಯದಿಂದ. ಕುಡುಗೋಲಿನ ತುದಿಯಿಂದ. ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣದ ಕಡೆಯ ಒಂದು ಪಂಚಾಯಿತಿಯಲ್ಲಿ ಎತ್ತಿನ ಲಾಳ ಕೀಳುವ ಉಳಿಯಿಂದ. ನಾನು ಅಂಥವರಿಗೆ ಬೈಯುತ್ತಿದ್ದೆ. ಇಪ್ಪತ್ತೈದು ವರ್ಷ ಬೈದಿದ್ದೇನೆ. ನನ್ನ ಕ್ಯಾನ್ವಾಸ್ ಸುರುಳಿಯಲ್ಲಿ ಒಂಬತ್ತು ತಿರುಪುಳಿಗಳಿದ್ದವು, ಒಂದೊಂದಕ್ಕೂ ಒಂದು ಜೇಬು. ಅವುಗಳನ್ನು ಬೇರೆಯವರು ಮುಟ್ಟಲು ಬಿಟ್ಟವನಲ್ಲ. "ಆದಿನಾರಾಯಣಪ್ಪನ ಕೈಲಿ ತಿರುಪುಳಿ ಕೇಳೋದೂ ಒಂದೇ, ಪೂಜಾರಿ ಕೈಲಿ ದೇವ್ರ ಕಿರೀಟ ಕೇಳೋದೂ ಒಂದೇ" ಎಂದು ಇದೇ ಜವರಪ್ಪ ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ನನಗೆ ಕೋಪ ಬರಲಿಲ್ಲ. ಹೆಮ್ಮೆಯಾಯಿತು.

ಎರಡನೆಯ ಹಾಳೆ ಬೊಟ್ಟಿನದು. ರೇಡಿಯೋ ಹಾಡಿದಾಗಲೆಲ್ಲ ಪೆಟ್ಟಿಗೆ ಅದುರುತ್ತದೆ. ಅದುರಿ ಅದುರಿ ತಿರುಪು ತಾನಾಗಿಯೇ ಸಡಿಲವಾಗುತ್ತದೆ. ಅದಕ್ಕೆ ನಾವು ತಿರುಪಿನ ತಲೆಗೆ ಒಂದು ಹನಿ ಬಣ್ಣ ಮುಟ್ಟಿಸುತ್ತೇವೆ, ಒಣಗಿದರೆ ಕಚ್ಚಿಕೊಳ್ಳುತ್ತದೆ. ನಾನು ಬಳಸಿದ್ದು ಕೆಂಪು ಉಗುರು ಬಣ್ಣ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀಸೆ ಕೊಳ್ಳುವಾಗ ಅಂಗಡಿಯವನು ನನ್ನ ಮೀಸೆಯನ್ನೂ ಸೀಸೆಯನ್ನೂ ನೋಡುತ್ತಿದ್ದ. ಮನೆಯಲ್ಲಿ ಅಶ್ವತ್ಥಮ್ಮ, "ನಂಗೊಂದು ಸೀಸೆ ತಂದೋರಲ್ಲ, ರೇಡಿಯೋಗೆ ಮಾತ್ರ ಶೃಂಗಾರ ಮಾಡ್ತೀರಿ" ಎನ್ನುತ್ತಿದ್ದರು. ಈಗ ನಗಬೇಡಿ. ಈ ತಾಲ್ಲೂಕಿನಲ್ಲಿ ಬೇರೆ ಯಾವ ಕೆಲಸಗಾರನೂ ಕೆಂಪು ಬಣ್ಣ ಹಾಕುತ್ತಿರಲಿಲ್ಲ. ಕೆಂಪು ಬೊಟ್ಟಿದ್ದರೆ ಅದು ಆದಿನಾರಾಯಣಪ್ಪ ಬಿಗಿದದ್ದು. ಬೊಟ್ಟಿದ್ದರೆ ಸರಿಯಿದೆ ಎಂದರ್ಥ. ಪಂಚಾಯಿತಿ ರೇಡಿಯೋಗಳ ದುರಸ್ತಿಗೆ ನನ್ನನ್ನು ನೇಮಿಸಿದ್ದ ಇಲಾಖೆ ಹಾಗೆಂದು ನಂಬಿತ್ತು. ಊರುಗಳು ನಂಬಿದ್ದವು. ನಾನೂ ನಂಬಿದ್ದೆ.

ಮೂರನೆಯ ಹಾಳೆ ರೇಡಿಯೋ ಹಾಕಲು ತಿರುಗಿಸುವ ಗುಂಡಿಯದು. ಆ ಕಾಲದ ಕೆಲವು ಪಂಚಾಯಿತಿ ರೇಡಿಯೋ ಸೆಟ್ಟುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಒಳಗಿನ ಕಬ್ಬಿಣದ ತಟ್ಟೆಗೆ ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಸೇರುತ್ತಿತ್ತು. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ಕಡೆಯಿಂದ ಹಾಕಿದರೆ ಆ ತಟ್ಟೆ ಸಾಧು. ತಿರುಗಿಸಿ ಹಾಕಿದರೆ ಅದರಲ್ಲಿ ಇನ್ನೂರ ಮೂವತ್ತು ವೋಲ್ಟು. ಎರಡು ಸಲವೂ ರೇಡಿಯೋ ಒಂದೇ ಥರ ಹಾಡುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಬೇಕಲೈಟಿನಲ್ಲಿ ಮಾಡುತ್ತಾರೆ, ಗುಂಡಿಯನ್ನೂ ಬೇಕಲೈಟಿನಲ್ಲಿ ಮಾಡುತ್ತಾರೆ. ಬೇಕಲೈಟು ಕರೆಂಟನ್ನು ಬಿಡುವುದಿಲ್ಲ. ಆದರೆ ಗುಂಡಿಯನ್ನು ಒಳಗಿನ ಕಬ್ಬಿಣದ ಕಡ್ಡಿಗೆ ಹಿಡಿದಿಡಲು ಒಂದು ತಿರುಪು ಬೇಕಲ್ಲ? ಅದಕ್ಕೆ ತಲೆಯೇ ಇಲ್ಲದ ಒಂದು ಪುಟ್ಟ ತಿರುಪು ಇರುತ್ತದೆ. ಅದು ಗುಂಡಿಯೊಳಗೆ ಪೂರಾ ಮುಳುಗಬೇಕು. ಮುಳುಗಿದ ಮೇಲೆ ತೂತಿಗೆ ಮೇಣ ತುಂಬಬೇಕು. ಬೆರಳಿಗೂ ಕರೆಂಟಿಗೂ ನಡುವೆ ಇರುವುದು ಕಡಲೆಕಾಳಿನಷ್ಟು ಮೇಣ, ಸಭಿಕರೇ. 'ಗುಂಡಿಗೆ ತಲೆಯಿರುವ ತಿರುಪನ್ನು ಯಾವ ಕಾರಣಕ್ಕೂ ಹಾಕಬಾರದು' ಎಂದು ನಾನು ಈ ಹಾಳೆಯಲ್ಲಿ ಬರೆದಿದ್ದೇನೆ. ಮೊನ್ನೆ ಮಂಗಳವಾರ ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಇನ್ನು ಸಪ್ಪಲಮ್ಮನ ವಿಷಯ. ಈ ಸಭಾಂಗಣದ ಅರ್ಧ ಜನಕ್ಕೆ ಅದು ಗೊತ್ತು. ಉಳಿದರ್ಧ ಜನ ಇವತ್ತು ಮುನಿಸ್ವಾಮಿಯವರ ಬಾಯಿಂದ ಕೇಳಿ ನಕ್ಕಿದ್ದೀರಿ.

ಅರವತ್ತೊಂಬತ್ತನೆಯ ಇಸವಿ, ಅಕ್ಟೋಬರ್ ಒಂದು. ಮಾರನೆಯ ದಿನ ಗಾಂಧಿ ಜಯಂತಿ. ಕುಂದಾಣದಾಚೆಯ ಕಾರೆಗಟ್ಟದಲ್ಲಿ ಪಂಚಾಯಿತಿ ಹಾಲ್ ಗುಡಿಸುವ ಕೆಲಸ ಸಪ್ಪಲಮ್ಮನದು. ಸಂಜೆ ಬಾಗಿಲು ತೆರೆದು, ರೈತರ ಕಾರ್ಯಕ್ರಮದ ಹೊತ್ತಿಗೆ ರೇಡಿಯೋ ಹಾಕುವುದೂ ಆಕೆಯದೇ. ಆ ದಿನ ಹಾಲ್ ತೊಳೆದಳು. ನೀರು ಹಾರೀತೆಂದು ಪ್ಲಗ್ ಕಿತ್ತಿಟ್ಟಳು, ತೊಳೆದಾದ ಮೇಲೆ ಮತ್ತೆ ಹಾಕಿದಳು. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಗುಂಡಿ ತಿರುಗಿಸಿದಳು. ರೇಡಿಯೋ ಕೇಳಲು ಬಂದವರು ಕಿರುಚಾಟ ಕೇಳಿ ಒಳಗೆ ಓಡಿದಾಗ ಆಕೆ ಸೆಟ್ಟಿಗೆ ಅಂಟಿಕೊಂಡಿದ್ದಳು; ಕೈ ಎಲ್ಲಿತ್ತೆಂದು ಆ ಗಲಿಬಿಲಿಯಲ್ಲಿ ಯಾರೂ ನೋಡಲಿಲ್ಲ. ಯಾರೋ ಒಣ ಬಿದಿರು ಗಳುವಿನಿಂದ ಹೊಡೆದು ಬಿಡಿಸಿದರು. ಜೀವ ಉಳಿಯಿತು. ಬಲಗೈಯ ಹೆಬ್ಬೆರಳೂ ಎರಡು ಬೆರಳೂ ಸುಟ್ಟು, ಒಣಗಿ, ಒಳಕ್ಕೆ ಮಡಚಿಕೊಂಡವು. ಆ ಕೈಯಿಂದ ಮತ್ತೆ ಪೊರಕೆ ಹಿಡಿಯಲಾಗಲಿಲ್ಲ.

ಸೆಟ್ಟನ್ನು ಪರೀಕ್ಷೆಗೆ ದೇವನಹಳ್ಳಿಗೆ ತಂದರು. ಪರೀಕ್ಷೆ ಮಾಡಿದವನು ನಾನು. ಬೇರೆ ಯಾರು ಮಾಡಬೇಕು? ಒಳಗಿನ ತಟ್ಟೆಯನ್ನು ಹೊರಗೆಳೆಯಬೇಕಾದರೆ ಮೊದಲು ಗುಂಡಿಗಳನ್ನು ಕಳಚಬೇಕು. ಜವರಪ್ಪ ಕಳಚಿ ಒಂದು ಬಸಿಯಲ್ಲಿ ಹಾಕಿಟ್ಟ. ನಾನು ಎರಡು ದಿನ ತಟ್ಟೆಯನ್ನು ನೋಡಿದೆ. ವಾಲ್ವು ಸರಿ, ತಂತಿ ಸರಿ, ಎಲ್ಲವೂ ಸರಿ. ಬಸಿಯನ್ನು ನೋಡಲಿಲ್ಲ. ಒಂದೇ ಒಂದು ಕೊರತೆ ಸಿಕ್ಕಿತು. ಪೆಟ್ಟಿಗೆಯ ಹಿಂಬದಿಯ ಹಲಗೆಗೆ ಆರು ತಿರುಪಿರಬೇಕು. ಐದೇ ಇದ್ದವು.

ನಾನು ಬರೆದದ್ದು ಈಗಲೂ ಬಾಯಿಪಾಠ ಇದೆ. 'ಗುಂಡಿಯು ಬೇಕಲೈಟಿನದಾದ್ದರಿಂದ ಅದರಿಂದ ವಿದ್ಯುತ್ ಆಘಾತ ಅಸಾಧ್ಯ. ಹಿಂಬದಿಯ ಹಲಗೆಯ ಒಂದು ತಿರುಪು ಇಲ್ಲ. ಸದರಿ ಹೆಂಗಸು ಹಲಗೆಯನ್ನು ಬಿಚ್ಚಲು ಯತ್ನಿಸಿ ಒಳಗೆ ಕೈ ಹಾಕಿರುವುದು ಕಂಡುಬರುತ್ತದೆ.' ಏಕೆ ಕೈ ಹಾಕಿದಳು ಎಂದು ನಾನು ಬರೆಯಲಿಲ್ಲ. ಅದನ್ನು ಊರು ತಾನೇ ಬರೆದುಕೊಂಡಿತು. ವಾಲ್ವು ಕದಿಯಲು ಹೋದಳು ಎಂದರು. 'ರೇಡಿಯೋ ಬಿಚ್ಚಿದ ಸಪ್ಪಲಮ್ಮ' ಎಂದರು.

ಪಂಚಾಯಿತಿಯಲ್ಲಿ ವಿಚಾರಣೆ ನಡೆಯಿತು. ಆಕೆ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. "ನಾನು ಹಿಂದ್ಕೆ ಕೈ ಹಾಕಿಲ್ಲ ಸ್ವಾಮಿ. ಗುಂಡಿನೇ ನನ್ನ ಕಚ್ಚಿದ್ದು" ಎಂದಳು. ಆಗ ನಾನೊಂದು ಕೆಲಸ ಮಾಡಿದೆ. ತೋರಿಸುವುದಕ್ಕೆಂದೇ ಅಂಥದ್ದೇ ಇನ್ನೊಂದು ಸೆಟ್ಟನ್ನು ಒಯ್ದಿದ್ದೆ. ಅದನ್ನು ಎಲ್ಲರೆದುರು ಹಾಕಿ, ನೆಲಕ್ಕೆ ನೀರು ಚೆಲ್ಲಿಸಿ, ಚಪ್ಪಲಿ ಬಿಟ್ಟು ನಿಂತು, ಗುಂಡಿಯನ್ನು ಐದೂ ಬೆರಳಿನಿಂದ ಹಿಡಿದೆ. "ನೋಡಮ್ಮ, ಕಚ್ತದಾ? ನೋಡಿ ಹೇಳು, ಕಚ್ತದಾ?" ಎಂದು ಕೇಳಿದೆ. ಜನ ಘೊಳ್ಳೆಂದು ನಕ್ಕರು. ಯಾರೋ ಹಿಂದಿನಿಂದ, "ಅದುಕ್ಕೆ ಹಲ್ಲು ಇನ್ನೂ ಮೂಡಿಲ್ಲ ಕಣಮ್ಮೋ" ಎಂದು ಕೂಗಿದರು. ಸಪ್ಪಲಮ್ಮ ನಗು ನಿಲ್ಲುವವರೆಗೂ ಕಾದಳು. ಆಮೇಲೆ ಒಂದೇ ಮಾತು ಹೇಳಿದಳು.

"ಅದು ಬೇರೆ ಗುಂಡಿ ಸ್ವಾಮಿ."

ಆ ಮಾತಿಗೆ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ. ಇಪ್ಪತ್ತೈದು ವರ್ಷದಲ್ಲಿ ರೇಡಿಯೋ ಬಗ್ಗೆ ನನ್ನೆದುರು ಯಾರಾದರೂ ಆಡಿದ ಅತ್ಯಂತ ಖಚಿತವಾದ ಮಾತು ಅದು. ಎರಡು ಗುಂಡಿ, ಎರಡು ತಿರುಪು. ಒಂದನ್ನು ಮುಟ್ಟಿ ತೋರಿಸಿದರೆ ಇನ್ನೊಂದರ ವಿಷಯ ಹೇಳಿದಂತಾಗುತ್ತದೆಯೇ? ಅಕ್ಷರ ಬಾರದ ಆಕೆಗೆ ಅದು ಗೊತ್ತಿತ್ತು. ಸರ್ಟಿಫಿಕೇಟು ಇದ್ದ ನನಗೆ ಗೊತ್ತಿರಲಿಲ್ಲ.

ಕೆಲಸ ಹೋಯಿತು. ಪಂಚಾಯಿತಿ ಠರಾವು ಮಾಡಿತು. ಆಕೆ ಊರು ಬಿಟ್ಟು ಚನ್ನರಾಯಪಟ್ಟಣದ ಕಡೆ ತನ್ನ ತಮ್ಮ ಸೊಣ್ಣಪ್ಪನ ಮನೆಗೆ ಹೋದಳು. ಸೆಟ್ಟು ವಾಪಸ್ಸು ಬಂದ ಮೇಲೂ ಕಾರೆಗಟ್ಟದಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ. ಬಾಯಲ್ಲಿ ನಕ್ಕರು, ಕೈ ಮಾತ್ರ ಹತ್ತಿರ ಒಯ್ಯಲಿಲ್ಲ. ಬೇರೆ ಟ್ರಾನ್ಸಿಸ್ಟರು ತಂದರು. ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇವತ್ತು ನನ್ನ ಸನ್ಮಾನಕ್ಕೆಂದು ಹೊರಗೆ ತೆಗೆದು, ಒರೆಸಿ, ಹಾರ ಹಾಕಿ, ಇಗೋ, ಈ ಮೇಜಿನ ಮೇಲೆ ಇಟ್ಟಿದ್ದಾರೆ.

ಮುನಿಸ್ವಾಮಿಯವರು ನನ್ನನ್ನು ಹೊಗಳುತ್ತಾ ಹೇಳಿದ್ದು ನಿಮಗೆ ನೆನಪಿರಬಹುದು. "ಆದಿನಾರಾಯಣಪ್ಪನೋರ ಕಣ್ಣಿಗೆ ಒಂದು ತಿರುಪು ಕಾಣೆಯಾದ್ರೂ ಗೊತ್ತಾಗ್ತದೆ. ಅವತ್ತು ಸತ್ಯ ಬಯಲಿಗೆ ತಂದೋರು ಇವರೇ." ನೀವು ಚಪ್ಪಾಳೆ ತಟ್ಟಿದಿರಿ. ಹೊಗಳಿಕೆ ಕೇಳುವಾಗ ಎಲ್ಲಿ ನೋಡಬೇಕೆಂದು ನನಗೆ ತಿಳಿಯುವುದಿಲ್ಲ. ಮೇಜನ್ನು ನೋಡಿದೆ. ಪಕ್ಕದಲ್ಲೇ ಸೆಟ್ಟು. ಸುಮ್ಮನೆ, ಅಭ್ಯಾಸಬಲದಿಂದ, ಕೈ ಗುಂಡಿಯ ಮೇಲೆ ಹೋಯಿತು. ಉಗುರಿಗೆ ಏನೋ ತಗುಲಿತು.

ಹಾರವನ್ನು ಸರಿಸಿದೆ. ಗುಂಡಿಯ ಅಡಿಗೆ ಒಂದು ತಿರುಪಿನ ತಲೆ. ಹೊರಗೆ ಚಾಚಿಕೊಂಡು ನಿಂತಿದೆ. ಗೀರಿನಲ್ಲಿ ಒಂದು ಗಾಯವೂ ಇಲ್ಲ. ನಾಲ್ಕಾಣೆಯದಲ್ಲ, ಕುಡುಗೋಲಿನದಲ್ಲ. ಸರಿಯಾದ ತಿರುಪುಳಿಯಿಂದ, ಸರಿಯಾದ ಬಿಗುವಿನಲ್ಲಿ ಕೂರಿಸಿದ ತಿರುಪು. ತಲೆಯ ಮೇಲೆ ಕೆಂಪು ಬೊಟ್ಟು.

ಆ ಕ್ಷಣ ನನಗೆ ಕರೆಂಟ್ ಹೊಡೆಯಿತು ಎಂದು ಹೇಳಲಾರೆ. ಕರೆಂಟ್ ಹೊಡೆದದ್ದು ಯಾರಿಗೆಂದು ಈಗ ಎಲ್ಲರಿಗೂ ಗೊತ್ತಾಗಿದೆ. ಆದರೆ ಅಲ್ಲಿಂದ ಮುಂದೆ ಮುನಿಸ್ವಾಮಿಯವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಶಾಲು ಹೊದಿಸಿದ್ದು ತಿಳಿಯಲಿಲ್ಲ. ಇಡೀ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಂತಿತ್ತು. ಎಂಟು ವರ್ಷ ಒಮ್ಮೆಯೂ ನೆನಪಿಗೆ ಬಾರದ ಮಧ್ಯಾಹ್ನ.

ಅವಘಡಕ್ಕೆ ಹನ್ನೆರಡು ದಿನ ಮೊದಲು ನಾನು ಕಾರೆಗಟ್ಟಕ್ಕೆ ಹೋಗಿದ್ದೆ. ಗುಂಡಿ ಸುಮ್ಮನೆ ಸುತ್ತುತ್ತದೆ, ಸದ್ದು ಏರುವುದಿಲ್ಲ ಎಂದು ದೂರು. ನೋಡಿದರೆ ಗುಂಡಿಯ ಪುಟ್ಟ ತಿರುಪನ್ನು ಯಾರೋ ಕುಡುಗೋಲಿನಿಂದ ಬೋಳು ಮಾಡಿದ್ದರು. ಬೈದುಕೊಂಡು ಕಿತ್ತೆ. ಹೊಸದಕ್ಕೆ ಕೈ ಹಾಕಿದರೆ, ಪುಟ್ಟ ತಿರುಪುಗಳ ಡಬ್ಬಿ ಹಿಂದಿನ ಊರಿನಲ್ಲೇ ಉಳಿದಿದೆ. ಐದೂಕಾಲಿಗೆ ಕೊನೆಯ ಬಸ್ಸು. ಬಾಗಿಲ ಬಳಿ ನಿಂತು ಸಪ್ಪಲಮ್ಮ, "ಇವತ್ತು ಹಾಡ್ತದಾ ಸ್ವಾಮಿ? ಕಡ್ಲೆಕಾಯಿ ರೋಗದ ಮಾತು ಹೇಳ್ತಾರಂತೆ, ಎಲ್ಲಾ ಕಾಯ್ತಾವ್ರೆ" ಎಂದು ಕೇಳಿದಳು. ನಾನು ಹಿಂಬದಿಯ ಹಲಗೆಯ ಆರು ತಿರುಪುಗಳಲ್ಲಿ ಒಂದನ್ನು ತೆಗೆದೆ. ಎರಡು ತಿರುಪಿಗೂ ಸುತ್ತಿನ ಎಳೆ ಒಂದೇ, ಉದ್ದ ಬೇರೆ. ಹಲಗೆಯದಕ್ಕೆ ತಲೆಯುಂಟು, ಗುಂಡಿಯದಕ್ಕೆ ಇರಬಾರದು. ಹಲಗೆಗೆ ಐದು ಸಾಕು, ಮುಂದಿನ ತಿಂಗಳು ಬಂದಾಗ ಸರಿ ಮಾಡೋಣ ಎಂದುಕೊಂಡೆ. ಗುಂಡಿಗೆ ಬಿಗಿದೆ, ಬೊಟ್ಟಿಟ್ಟೆ. ಪ್ಲಗ್ ಆಗ ಸರಿಯಾದ ಕಡೆಗೇ ಇತ್ತು. ಗುಂಡಿ ತಿರುಗಿಸಿದೆ, ಏನೂ ಆಗಲಿಲ್ಲ. ಹನ್ನೆರಡು ದಿನವೂ ಯಾರಿಗೂ ಏನೂ ಆಗಲಿಲ್ಲ. ಆಕೆ ನೆಲ ತೊಳೆಯಲು ಪ್ಲಗ್ ಕಿತ್ತು, ತಿಳಿಯದೆ ತಿರುಗಿಸಿ ಮತ್ತೆ ಹಾಕುವವರೆಗೆ.

ಅಂದರೆ ಹಲಗೆಯಲ್ಲಿ ಕಾಣೆಯಾದ ಆರನೆಯ ತಿರುಪನ್ನು ತೆಗೆದವನು ನಾನು. ಕಾಣೆಯಾಗಿದೆ ಎಂದು ಬರೆದವನೂ ನಾನು. ಅದು ಬಸಿಯಲ್ಲಿ, ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

ಹೀಗೂ ಮರೆಯಲು ಸಾಧ್ಯವೇ ಎಂದು ನೀವು ಕೇಳಬಹುದು. ನಾನೂ ಈ ಅರ್ಧ ಗಂಟೆಯಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ತಿಂಗಳಿಗೆ ಅರವತ್ತು ಊರು, ಒಂದೊಂದು ಊರಲ್ಲೂ ಹತ್ತು ತಿರುಪು ಎಂದು ಸಮಾಧಾನ ಹೇಳಿಕೊಳ್ಳಬಹುದು. ನಿಜ ಅದಲ್ಲ. ಆದಿನಾರಾಯಣಪ್ಪ ಅಂಥ ಕೆಲಸ ಮಾಡುವವನಲ್ಲ ಎಂದು ನನಗೆ ಎಷ್ಟು ಗಟ್ಟಿಯಾಗಿ ಗೊತ್ತಿತ್ತೆಂದರೆ, ಮಾಡಿದ ಕೆಲಸಕ್ಕೆ ನನ್ನ ತಲೆಯಲ್ಲಿ ಜಾಗವೇ ಉಳಿದಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕು ಎಂದುಕೊಂಡಿದ್ದೆ. ಇನ್ನೊಂದಿದೆ. ಮಾತನಾಡುತ್ತಾ ನೆನಪಾಯಿತು. ಅಲ್ಲ, ಅದೂ ಸುಳ್ಳು. ತಿರುಪು ಕಂಡ ಮೇಲೆ ಜವರಪ್ಪನವರ ಮುಖ ನೋಡಿದಾಗಲೇ ನೆನಪಾಗಿತ್ತು, ಹೇಳುವುದು ಬೇಡ ಎಂದಿದ್ದೆ.

ಪರೀಕ್ಷೆ ಮುಗಿದ ಸಂಜೆ ಜವರಪ್ಪ ಸೆಟ್ಟನ್ನು ಮತ್ತೆ ಜೋಡಿಸುತ್ತಿದ್ದ. ನಾನು ತಲೆ ತಗ್ಗಿಸಿ ಆ ವರದಿ ಬರೆಯುತ್ತಿದ್ದೆ. ಅವನೆಂದ:

"ಅಣ್ಣಾ, ಈ ಗುಂಡಿ ತಿರುಪಿಗೆ ತಲೆ ಐತೆ. ಒಂದ್ಸಲ ನೋಡಿ."

"ಬೊಟ್ಟು ಇದೆಯೇನೋ?"

"ಐತೆ. ಕೆಂಪಗೈತೆ."

"ಹಂಗಾದ್ರೆ ನಂದೇ. ಸರಿಯಾಗೇ ಇರ್ತದೆ. ಹಾಕಿ ಕಟ್ಟು."

ಅವನು ಹಾಕಿ ಕಟ್ಟಿದ. ನಾನು ರುಜು ಮಾಡಿದೆ. 'ತಲೆ ಐತೆ' ಎಂದದ್ದು ನನಗೆ ಕೇಳಿಸಲಿಲ್ಲ ಎಂದು ಹೇಳಲಾರೆ. ಕೇಳಿಸಿತ್ತು. ತಲೆಯೆತ್ತಿ ನೋಡಲಿಲ್ಲ. ಆಮೇಲೆ ವಿಚಾರಣೆಗೆ ಹೋಗಿ, ನೀರು ಚೆಲ್ಲಿಸಿ, ಐದೂ ಬೆರಳು ತೋರಿಸಿ ಬಂದೆ. ಜವರಪ್ಪ, ನೀನು ತಲೆ ತಗ್ಗಿಸಬೇಡಪ್ಪ. ನೀನು ಕೇಳಿದ್ದೆ. ಮೇಲಿನವನು ಬಾಯಿ ಮುಚ್ಚಿಸಿದ.

ಹೊಸ ಕೆಲಸಗಾರರಿಗೆ ನಾಲ್ಕು ಮಾತು ಹೇಳಬೇಕಿತ್ತು. ಒಂದೇ ಹೇಳುತ್ತೇನೆ. ನಾನು ಆಯ್ದ ತಿರುಪುಳಿ ಸರಿಯಾಗಿತ್ತು, ಗೀರಿಗೆ ಅಷ್ಟು ಚೆನ್ನಾಗಿ ಕೂತಿತ್ತು. ತಿರುಪು ತಪ್ಪಾಗಿತ್ತು. ಬಿಗಿದದ್ದು ಚೆನ್ನಾಗಿದೆ ಎಂಬ ಕಾರಣಕ್ಕೆ ಬಿಗಿದದ್ದು ಸರಿಯಾದುದೇ ಎಂದು ನಂಬಬೇಡಿ. ನಿಮ್ಮದೇ ಬೊಟ್ಟು ಕಂಡರೆ ಎರಡು ಸಲ ನೋಡಿ.

ಸಂಘದವರು ಈಗಷ್ಟೇ ನನಗೊಂದು ಮರದ ಪೆಟ್ಟಿಗೆ ಕೊಟ್ಟರು, ಒಳಗೆ ಹನ್ನೆರಡು ಹೊಸ ತಿರುಪುಳಿಗಳು. ಬೇರೆ ಉಪಯೋಗಕ್ಕೆ ನನಗೆ ಇವು ಬೇಡ. ಇವತ್ತು ಒಂದು ಸಲ ಬಳಸುತ್ತೇನೆ. ಮೂರನೆಯದು ಸಾಕು. ಮುನಿಸ್ವಾಮಿಯವರೇ, ಹತ್ತಿರ ಬನ್ನಿ, ಇದನ್ನು ನೀವು ಕಣ್ಣಾರೆ ನೋಡಬೇಕು. ಹೆದರಬೇಡಿ, ಪ್ಲಗ್ ಹಾಕಿಲ್ಲ.

ಬಂತು. ಮುಕ್ಕಾಲು ಅಂಗುಲ. ಗುಂಡಿಯಿಂದ ಬಂದ ಈ ತಿರುಪಿಗೆ ಈಗ ಹಿಂಬದಿಯ ಹಲಗೆಯ ಆರನೆಯ ತೂತು, ಎಂಟು ವರ್ಷದಿಂದ ಖಾಲಿ ಇರುವುದು. ಸುತ್ತುತ್ತಿದೆ. ಇನ್ನೊಂದು ಸುತ್ತು. ಕೂತಿತು. ಎಲ್ಲರೂ ನೋಡಿದಿರಲ್ಲ? ಇದನ್ನು ಮತ್ತೆ ಬಿಚ್ಚಿ ನಿಮ್ಮ ಕೈಗೆ ಕೊಡುತ್ತೇನೆ, ಛೇರ್ಮನ್ನರೇ. ಆ ಠರಾವಿನ ಪುಸ್ತಕದಲ್ಲಿ ಸಪ್ಪಲಮ್ಮ ಎಂದಿರುವ ಕಡೆ ನನ್ನ ಹೆಸರು ಬರಬೇಕು. ಇಲಾಖೆಗೆ ನಾನೇ ಬರೆಯುತ್ತೇನೆ. ಅವರು ಏನು ಕ್ರಮ ಕೈಗೊಂಡರೂ ಸರಿಯೇ.

ಶಾಲನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದೇನೆ. ಚನ್ನರಾಯಪಟ್ಟಣದ ಬಸ್ಸು ಐದೂವರೆಗೆ. ನಾನು ಅದಕ್ಕೆ ಹೋಗುತ್ತಿದ್ದೇನೆ. ಆಕೆ ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ, ತೆರೆಯಬೇಕಾದ ಕಾರಣವೂ ಇಲ್ಲ. ಅವತ್ತು ನಕ್ಕವರಲ್ಲಿ ಯಾರಾದರೂ ಜೊತೆಗೆ ಬಂದರೆ, ಆಕೆಯ ತಮ್ಮನ ಊರಿನವರೆದುರು ಈ ಮಾತನ್ನು ಇನ್ನೊಮ್ಮೆ ಹೇಳಲು ನನಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಅಶ್ವತ್ಥಮ್ಮನವರೇ, ಊಟಕ್ಕೆ ನನ್ನನ್ನು ಕಾಯಬೇಡಿ.

ಕರೆದು ಕೂರಿಸಿದ ಸಂಘಕ್ಕೂ, ಸೆಟ್ಟನ್ನು ಎಸೆಯದೆ ಬೀರುವಿನಲ್ಲಿಟ್ಟ ಕಾರೆಗಟ್ಟದವರಿಗೂ, ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೂ ನಾನು ಋಣಿ. ಮೊದಲು ಎಲ್ಲರ ಹೆಸರು ಹಿಡಿದು ಕರೆದೆ. ಒಬ್ಬರದು ಬಿಟ್ಟುಹೋಯಿತು. ಆಮಂತ್ರಣ ಪತ್ರಿಕೆಯಲ್ಲೂ ಬಿಟ್ಟುಹೋಗಿದೆ. ಕಾರೆಗಟ್ಟದ ರೇಡಿಯೋವನ್ನು ದಿನವೂ ಹಾಕುತ್ತಿದ್ದವರು ಇಲ್ಲಿ ಇಲ್ಲ, ಆದರೂ ಕರೆಯುತ್ತೇನೆ.

ಸಪ್ಪಲಮ್ಮನವರೇ, ಅದು ಬೇರೆ ಗುಂಡಿಯೇ.

ನಮಸ್ಕಾರ.